ಅಕ್ಕನಿಗೆ ಹಾರ್ಟ್ ಅಟ್ಯಾಕ್ ಆಗಿದೆ, ಆದ್ರೆ ಸ್ಟೆಂಟ್ ಬೇಡ ಅಂತಿದಾರೆ ಡಾಕ್ಟ್ರು. ಇದು ಸರೀನಾ?

ಕೇಳಿದವರು: ದಾವಣಗೆರೆ ತಂಗಿ

ಎಲ್ರಿಗೂ ನಮಸ್ಕಾರ, ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ ಗೊತ್ತಿರೋರು ಹೇಳಿ.

ನಮ್ಮಕ್ಕನಿಗೆ 43 ವರ್ಷ, ಹೈಸ್ಕೂಲ್ ಟೀಚರ್. ಬಿಪಿ ಇಲ್ಲ, ಶುಗರ್ ಇಲ್ಲ, ಕೊಲೆಸ್ಟ್ರಾಲ್ ಹೋದ ವರ್ಷ ಚೆಕ್ ಮಾಡ್ಸಿದಾಗ ನಾರ್ಮಲ್ಲು, ದಿನಾ ಬೆಳಿಗ್ಗೆ ಒಂದು ಗಂಟೆ ವಾಕಿಂಗ್ ಬೇರೆ ಮಾಡ್ತಾಳೆ. ನಮ್ಮಪ್ಪ ತೀರ್ಕೊಂಡು 11 ದಿನ ಆಗಿತ್ತು, ಅವತ್ತು ತಿಥಿ, ಊಟಕ್ಕೆ ಇನ್ನೂರು ಜನ. ಈ 11 ದಿನ ಅವಳು ಸರಿಯಾಗಿ ಅತ್ತೂ ಇಲ್ಲ, ನಿದ್ದೆನೂ ಮಾಡಿಲ್ಲ, ಎಲ್ಲಾ ಅವಳೇ ನಿಂತು ಮಾಡಿದ್ದು. ಸಂಜೆ ಸಾರಿನ ದೊಡ್ಡ ಪಾತ್ರೆನ ಒಂದು ಕಡೆಯಿಂದ ಅವಳು ಒಂದು ಕಡೆಯಿಂದ ನಾನು ಹಿಡ್ಕೊಂಡು ಎತ್ತಿದ್ವಿ, ಎರಡು ಹೆಜ್ಜೆ ಹಾಕಿರಬೇಕು ಅಷ್ಟೇ, ಇಳಿಸು ಇಳಿಸು ಅಂದ್ಲು. ಎದೆ ಮೇಲೆ ಒರಳುಕಲ್ಲು ಇಟ್ಟಂಗಾಗ್ತಿದೆ ಅಂದ್ಲು, ಎಡಗೈ ಕಿರುಬೆರಳು ಜೋಮು ಹಿಡಿದಿದೆ ಅಂತ ಉಜ್ಕೋತಿದ್ಲು, ಐದು ನಿಮಿಷದಲ್ಲಿ ರವಿಕೆ ಪೂರ್ತಿ ಬೆವರಲ್ಲಿ ಒದ್ದೆ. ಮನೇಲಿದ್ದೋರೆಲ್ಲ ಉಪವಾಸ ಮಾಡಿದ್ದಕ್ಕೆ ಗ್ಯಾಸ್ ಆಗಿದೆ ಅಂತ ಓಮದ ನೀರು ಕುಡ್ಸಿದ್ರು. ಅರ್ಧ ಗಂಟೆ ಅದ್ರಲ್ಲೇ ಹೋಯ್ತು.

ಹತ್ತಿರದ ನರ್ಸಿಂಗ್ ಹೋಮ್‌ನಲ್ಲಿ ಇಸಿಜಿ ತೆಗೆದ ತಕ್ಷಣ ದೊಡ್ಡಾಸ್ಪತ್ರೆಗೆ ಕಳ್ಸಿದ್ರು, ಅಲ್ಲಿ ರಕ್ತ ಪರೀಕ್ಷೆಲಿ ಹೃದಯಕ್ಕೆ ಪೆಟ್ಟಾಗಿದ್ದು ತೋರಿಸೋ ಟ್ರೋಪೋನಿನ್ ಜಾಸ್ತಿ ಬಂತು, ಮಣಿಕಟ್ಟಿನಿಂದ ಆಂಜಿಯೋಗ್ರಾಂ ಮಾಡಿದ್ರು. ಡಾಕ್ಟ್ರು ನನ್ನೂ ಭಾವನ್ನೂ ಒಳಗೆ ಕರೆದು ಸ್ಕ್ರೀನ್ ಮೇಲೆ ತೋರಿಸಿದ್ರು, ಹೃದಯದ ಮುಂದಿನ ದೊಡ್ಡ ನಾಳ ಎಲ್‌ಎಡಿ ಮೇಲಿಂದ ಚೆನ್ನಾಗಿ ದಪ್ಪಗೆ ಬಂದು ಅರ್ಧದಿಂದ ಕೆಳಗೆ ಬತ್ತಿ ಹೋದಂಗೆ ಸಣ್ಣಗಾಗಿದೆ. "ಇದು ಕೊಬ್ಬಿನ ಬ್ಲಾಕ್ ಅಲ್ಲಮ್ಮ, ರಕ್ತನಾಳದ ಗೋಡೆ ತಾನಾಗೇ ಒಳಗಡೆ ಸೀಳಿದೆ, ಸ್ಕ್ಯಾಡ್ ಅಂತಾರೆ, ರಕ್ತ ಕೆಳಗಿನ ತನಕ ಹೋಗ್ತಿದೆ, ನೋವೂ ನಿಂತಿದೆ, ಸ್ಟೆಂಟ್ ಹಾಕಲ್ಲ, ಐದು ದಿನ ಹೃದಯದ ಐಸಿಯು, ಅಂದ್ರೆ ಸಿಸಿಯುನಲ್ಲಿ ಇಟ್ಕೊಂಡು ನೋಡ್ತೀವಿ" ಅಂದ್ರು.

ಈಗ ಮನೇಲಿ ದೊಡ್ಡ ಗಲಾಟೆ. ಭಾವ ಮತ್ತೆ ದೊಡ್ಡಪ್ಪನ ಮಗ ಇಬ್ರೂ, ಹಾರ್ಟ್ ಅಟ್ಯಾಕ್ ಆದ್ಮೇಲೆ ಏನೂ ಮಾಡದೆ ಮಲಗಿಸಿದಾರೆ ಅಂದ್ರೆ ಇವರಿಗೆ ಗೊತ್ತಿಲ್ಲ ಅಂತಾನೇ ಅರ್ಥ, ನಾಳೆನೇ ಆಂಬುಲೆನ್ಸ್ ಮಾಡಿ ಬೆಂಗಳೂರಿಗೆ ಕರ್ಕೊಂಡು ಹೋಗೋಣ ಅಂತಿದಾರೆ. ದುಡ್ಡಿನ ಪ್ರಶ್ನೆ ಅಲ್ಲ, ಹೇಗಾದ್ರೂ ಹೊಂದಿಸ್ತೀವಿ. ಸೀಳಿರೋ ನಾಳನ ಹಾಗೇ ಬಿಟ್ರೆ ಅದು ಮತ್ತೆ ಸೀಳಲ್ವಾ? ಬೇರೆ ಕಡೆ ಕರ್ಕೊಂಡು ಹೋಗ್ಬೇಕಾ? ರಾತ್ರಿಯಿಂದ ಸಿಸಿಯು ಹೊರಗೆ ಕೂತಿದೀನಿ, ಯಾರಾದ್ರೂ ಬೇಗ ಹೇಳಿ.

ಉತ್ತರ 1: ಎದೆಬಡಿತ

ಮೇಡಂ, ನಾನು ಕಾರ್ಡಿಯಾಲಜಿಸ್ಟ್. ಮೊದಲು ಒಂದು ಮಾತು, ನಿಮ್ಮಕ್ಕನ ಆಂಜಿಯೋ ನಾನು ನೋಡಿಲ್ಲ, ಅವರನ್ನ ನೋಡ್ತಿರೋ ಡಾಕ್ಟ್ರ ಮಾತೇ ಕೊನೆ ಮಾತು. ಆದ್ರೆ ನೀವು ಬರೆದಿದ್ದು ಓದಿದ್ರೆ ಅವರು ಮಾಡ್ತಿರೋದು ಸರಿಯಾದ ಟ್ರೀಟ್‌ಮೆಂಟೇ. ಏನೂ ಮಾಡ್ತಿಲ್ಲ ಅಂತ ಅನ್ಕೋಬೇಡಿ, ಕೈ ತಡೆದು ಕಾಯೋದೇ ಇಲ್ಲಿ ಚಿಕಿತ್ಸೆ. ದಯವಿಟ್ಟು ಆಂಬುಲೆನ್ಸ್ ಐಡಿಯಾ ಬಿಡಿ.

ಯಾಕೆ ಅಂತ ಹೇಳ್ತೀನಿ, ಭಾವನವರಿಗೂ ಓದಿ ಹೇಳಿ. ಹೃದಯದ ರಕ್ತನಾಳದ ಗೋಡೆಗೆ ಮೂರು ಪದರ ಇರುತ್ತೆ. ಮಳೆಗಾಲದಲ್ಲಿ ಹಳೇ ಮನೆ ಗೋಡೆಗೆ ನೀರು ಇಳಿದು ಗಾರೆ ಉಬ್ಬಿ ನಿಲ್ಲುತ್ತಲ್ಲ, ಹಾಗೆ ಈ ಪದರಗಳ ಮಧ್ಯೆ ರಕ್ತ ಸೇರ್ಕೊಂಡು ಗೋಡೆ ಒಳಮುಖವಾಗಿ ಉಬ್ಬುತ್ತೆ, ಆಗ ರಕ್ತ ಹರಿಯೋ ದಾರಿ ಕಿರಿದಾಗುತ್ತೆ. ಕೆಲವರಲ್ಲಿ ಒಳಪದರ ಹರಿದಿರುತ್ತೆ, ಇನ್ನು ಕೆಲವರಲ್ಲಿ ಹರಿದೇ ಇರಲ್ಲ, ಗೋಡೆಯೊಳಗಿನ ಸಣ್ಣ ನಾಳ ಒಡೆದು ಅಲ್ಲೇ ರಕ್ತ ತುಂಬ್ಕೊಂಡಿರುತ್ತೆ. ಎರಡರಲ್ಲೂ ಕೊಬ್ಬಿನ ಗಡ್ಡೆ ಅನ್ನೋದೇ ಇಲ್ಲ. ನೀವು ಹೇಳಿದ ಹಾಗೆ ಅರ್ಧದಿಂದ ಕೆಳಗೆ ಉದ್ದಕ್ಕೂ ನುಣ್ಣಗೆ ಸಣ್ಣಗಾಗೋದು ಸ್ಕ್ಯಾಡ್‌ನಲ್ಲಿ ಟೈಪ್ 2 ಅನ್ನೋ ಬಗೆ, ಎಲ್ಲಕ್ಕಿಂತ ಹೆಚ್ಚು ಕಾಣೋದು ಅದೇ.

ಈಗ ಸ್ಟೆಂಟ್ ವಿಷಯ. ಸಾಮಾನ್ಯ ಬ್ಲಾಕ್‌ನಲ್ಲಿ ಬಲೂನ್ ಉಬ್ಬಿಸಿದ್ರೆ ಕೊಬ್ಬು ಗೋಡೆಗೆ ಅಂಟ್ಕೊಳ್ಳುತ್ತೆ, ಸ್ಟೆಂಟ್ ಅಲ್ಲೇ ಹಿಡಿದು ನಿಲ್ಲಿಸುತ್ತೆ. ಇಲ್ಲಿ ಗೋಡೆಯೊಳಗೆ ಇರೋದು ರಕ್ತ, ಬಲೂನ್ ಉಬ್ಬಿಸಿದ್ರೆ ಅದು ಎಲ್ಲಿಗೆ ಹೋಗ್ಬೇಕು, ಟೂತ್‌ಪೇಸ್ಟ್ ಟ್ಯೂಬ್ ಮಧ್ಯ ಒತ್ತಿದ ಹಾಗೆ ಮೇಲಕ್ಕೂ ಕೆಳಕ್ಕೂ ತಳ್ಕೊಂಡು ಹೋಗುತ್ತೆ, ಎರಡು ಸೆಂಟಿಮೀಟರ್ ಇದ್ದ ತೊಂದ್ರೆ ಆರು ಸೆಂಟಿಮೀಟರ್ ಆಗುತ್ತೆ, ಒಂದು ಸ್ಟೆಂಟ್ ಹಾಕೋಕೆ ಹೋಗಿ ಮೂರು ಹಾಕ್ಬೇಕಾಗುತ್ತೆ. ಆಮೇಲೆ ಒಂದೆರಡು ತಿಂಗಳಲ್ಲಿ ಗೋಡೆಯ ರಕ್ತ ಹೀರ್ಕೊಂಡು ನಾಳ ಮತ್ತೆ ಅಗಲ ಆದಾಗ ಆ ಸ್ಟೆಂಟ್ ಗೋಡೆಗೆ ಕೂರದೆ ಸಡಿಲ ಉಳಿಯೋ ಸಾಧ್ಯತೆ ಬೇರೆ.

ಹಾಗೇ ಬಿಟ್ರೆ ಏನಾಗುತ್ತೆ? ವಾಸಿ ಆಗುತ್ತೆ. ಒಂದು ತಿಂಗಳು ಕಳೆದ ಮೇಲೆ ಮತ್ತೆ ಆಂಜಿಯೋ ಮಾಡಿ ನೋಡಿದವರಲ್ಲಿ 100ಕ್ಕೆ ಸುಮಾರು 95 ಜನಕ್ಕೆ ನಾಳ ಕೂಡ್ಕೊಂಡಿರೋದು ದಾಖಲಾಗಿದೆ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಮತ್ತೆ ಯುರೋಪಿಯನ್ ಸೊಸೈಟಿ ಆಫ್ ಕಾರ್ಡಿಯಾಲಜಿ ಎರಡೂ 2018ರಲ್ಲೇ, ರೋಗಿ ಸ್ಥಿರವಾಗಿದ್ರೆ ಮುಟ್ಟಬೇಡಿ ಅನ್ನೋ ದಾರಿನೇ ಹೇಳಿವೆ.

ನೀವು ಕೇಳಿದ ಮುಖ್ಯ ಪ್ರಶ್ನೆ, ಮತ್ತೆ ಸೀಳಲ್ವಾ ಅಂತ. ಅಪಾಯ ಇದೆ, ಅದನ್ನ ಮುಚ್ಚಿಡಲ್ಲ. ಮೊದಲ ವಾರದಲ್ಲಿ 100ಕ್ಕೆ 5ರಿಂದ 10 ಜನಕ್ಕೆ ಸೀಳು ಮುಂದಕ್ಕೆ ಹೋಗಿ ಮತ್ತೆ ಅಟ್ಯಾಕ್ ಆಗ್ಬಹುದು. ಅದಕ್ಕೇ 3ರಿಂದ 5 ದಿನ, ಬೇಕಾದ್ರೆ ಇನ್ನೂ ಜಾಸ್ತಿ, ಮಾನಿಟರ್ ಹಾಕಿ ಆಸ್ಪತ್ರೆಲೇ ಇಟ್ಕೊಳ್ಳೋದು. ಈಗ ಯೋಚನೆ ಮಾಡಿ, ಅಂಥ ವಾರದಲ್ಲಿ 260 ಕಿಲೋಮೀಟರ್ ರೋಡಲ್ಲಿ ಕರ್ಕೊಂಡು ಹೋಗೋದು ಸೇಫಾ, ಆಂಜಿಯೋ, ಸ್ಟೆಂಟ್ ಮಾಡೋ ಕ್ಯಾಥ್ ಲ್ಯಾಬ್ ಪಕ್ಕದಲ್ಲೇ ಇರೋ ಹಾಸಿಗೆ ಸೇಫಾ? ಎರಡನೇ ಅಭಿಪ್ರಾಯ ಬೇಕು ಅನ್ಸಿದ್ರೆ ಖಂಡಿತ ತಗೊಳ್ಳಿ, ಆದ್ರೆ ಆಂಜಿಯೋ ಸಿಡಿ ಓಡಾಡ್ಲಿ, ಅಕ್ಕ ಮಲಗಿರ್ಲಿ.

ಉತ್ತರ 2: ಹುಬ್ಬಳ್ಳಿ ಸಿಸ್ಟರ್

ನಾ ಹುಬ್ಬಳ್ಳಿಯಾಕಿ, ಕ್ಯಾಥ್ ಲ್ಯಾಬ್‌ನ್ಯಾಗ ಸ್ಟಾಫ್ ನರ್ಸ್ ಆಗಿ 11 ವರ್ಷ ಆತು. ಡಾಕ್ಟರ್ ಸಾಹೇಬ್ರು ಹೇಳಿದ್ದು ಖರೇ ಐತಿ, ನಾ ಕಣ್ಣಿಲೆ ನೋಡಿದ್ದನ್ನ ಹೇಳ್ತೀನಿ.

ಸ್ಟೆಂಟ್ ಹಾಕೂಕಿಂತ ಮೊದ್ಲ ಕೂದಲಿನಂಥಾ ಒಂದು ವೈರ್ ನಾಳದಾಗ ದಾಟಸ್ತಾರ. ಸೀಳಿದ ನಾಳದಾಗ ಎರಡು ದಾರಿ ಆಗಿರ್ತಾವ, ಒಂದು ಖರೇ ದಾರಿ, ಇನ್ನೊಂದು ಗೋಡಿ ಒಳಗಿನ ಸುಳ್ಳು ದಾರಿ. ವೈರ್ ಸುಳ್ಳು ದಾರಿ ಹಿಡೀತು ಅಂದ್ರ ಮುಗೀತು, ಸೀಳು ಇನ್ನೂ ದೊಡ್ಡದಾಕ್ಕೈತಿ. ನಮ್ಮಲ್ಲಿ ಒಬ್ಬಾಕಿ 39 ವರ್ಷದಾಕಿ ಬಂದಿದ್ಲು, ಎಕ್ಸ್‌ರೇದಾಗ ನಾಳ ಕಾಣಾಕ ಬಿಡೂ ಡೈ ಬಿಟ್ಟ ಕೂಡ್ಲೆ ನಾಳದಾಗ ಬಿಳೀ ಗೆರಿ ಒಂದು ಉದ್ದಕ ಕಂಡ್ತು, ಡೈ ಎಲ್ಲಾ ಹರದು ಹೋದ ಮ್ಯಾಲೂ ಗೋಡ್ಯಾಗ ಒಂದೀಟು ಹಂಗ ಉಳೀತು. ನಮ್ಮ ಸಾಹೇಬ್ರು ನಾಳ ಸಡಿಲ ಮಾಡೂ ನೈಟ್ರೋಗ್ಲಿಸರಿನ್ ಕೊಟ್ಟು, ನಾಳ ಸೆಟದದ್ದೋ ಏನು ಸೀಳಿದ್ದೋ ಅಂತ ಇನ್ನೊಮ್ಮೆ ನೋಡಿ, ಕೈಯಾಗಿನ ಕ್ಯಾತಿಟರ್ ಮೆಲ್ಲಕ ಹೊರಗ ತಗದು "ಇಲ್ಲಿಗೆ ಸಾಕು" ಅಂದ್ರು. ಆವಾಗ ನನಗೂ ಇದೇನಪಾ ಅನಿಸಿತ್ತು. ಎರಡು ತಿಂಗಳಿಗೆ ಆಕಿ ನಡಕೋತ ಚೆಕಪ್ಪಿಗೆ ಬಂದ್ಲು.

ನಿಮ್ಮಕ್ಕಗ ಇಷ್ಟು ಹೇಳ್ರಿ, ಎದಿ ಸ್ವಲ್ಪ ಹಿಡದಂಗ ಆದ್ರೂ, ಗದ್ದ ಬೆನ್ನು ಜಗ್ಗಿದಂಗ ಆದ್ರೂ, ಆ ಕ್ಷಣಕ್ಕ ಸಿಸ್ಟರ್‌ನ ಕರೀಬೇಕು. ಹೆಣ್ಮಕ್ಕಳು ಭಾಳ ಮಂದಿ ರಾತ್ರಿ ಯಾಕ ಸುಮ್ನ ತ್ರಾಸ ಕೊಡೂದು ಅಂತ ಹಲ್ಲು ಕಚ್ಚಿ ಮಕ್ಕೊಂಡಿರ್ತಾರ, ಅದು ಬ್ಯಾಡ. ಸಂಡಾಸಿಗೆ ತಿಣುಕೂದು ಬ್ಯಾಡ, ಆಗವಲ್ದು ಅಂದ್ರ ಔಷಧ ಕೇಳ್ರಿ, ನಾಚಿಕಿ ಪಡಬ್ಯಾಡ್ರಿ. ಮತ್ತ ನೋಡಾಕ ಬರೋ ಮಂದಿನ ಹೊರಗ ತಡೀರಿ. ಅಪ್ಪನ ಸಾವಿನ ನೋವು ಹಸೀ ಐತಿ, ಒಬ್ಬೊಬ್ರು ಬಂದು ಅತ್ತು ಕರದು ಹೋದ್ರ ಆಕಿ ಬಿಪಿ ಮಾನಿಟರ್ ಮ್ಯಾಲ ಏರೂದು ನಾವು ನೋಡಿರ್ತೀವಿ.

ಡಿಸ್ಚಾರ್ಜ್ ಆಗೂ ಮುಂದ ಆಂಜಿಯೋ ಸಿಡಿ ಕೇಳಿ ಇಸಗೊಳ್ರಿ, ಮರೀಬ್ಯಾಡ್ರಿ.

ಉತ್ತರ 3: ಹಾಸನದ ಅಣ್ಣ

ಎಲ್ಲರೂ ಸ್ಟೆಂಟ್ ಬೇಡ ಬೇಡ ಅಂತಿದೀರ, ನಾನು ಒಪ್ಪಲ್ಲ. ನನ್ ಫ್ರೆಂಡ್ 38 ವರ್ಷ, ಜಿಮ್‌ನಲ್ಲಿ ಭಾರ ಎತ್ತುವಾಗ ಎದೆನೋವು ಬಂತು, ಇದೇ ಥರ ನಾಳ ಸೀಳಿದೆ ಅಂದ್ರು, ಅವನಿಗೆ ನೋವು ನಿಲ್ತಾನೇ ಇರ್ಲಿಲ್ಲ, ಬಿಪಿ ಇಳೀತಾ ಬಂತು, ಎರಡು ಸ್ಟೆಂಟ್ ಹಾಕಿದ ಮೇಲೇ ಉಳಿದಿದ್ದು. ಅವತ್ತು ಕಾಯ್ತಾ ಕೂತಿದ್ರೆ ಅವನು ಇವತ್ತು ಇರ್ತಿರ್ಲಿಲ್ಲ. 2025ರ ಜೂನ್ ಜುಲೈನಲ್ಲಿ ನಮ್ಮ ಜಿಲ್ಲೆ ಸುದ್ದಿ ನೀವೆಲ್ಲ ನೋಡಿದೀರಲ್ಲ, ವಯಸ್ಸು ಹುಡುಗ್ರು ಹಾರ್ಟ್ ಅಟ್ಯಾಕಲ್ಲಿ ಹೋದ್ರು ಅಂತ, ಜನ ಭಯ ಬಿದ್ದು ಮೈಸೂರು ಜಯದೇವ ಮುಂದೆ ಬೆಳಗಿನ ಜಾವದಿಂದ ಕ್ಯೂ ನಿಂತಿದ್ರು. ಅದನ್ನ ಕಣ್ಣಾರೆ ನೋಡಿದವನಿಗೆ ಕಾಯಿರಿ ಅನ್ನೋ ಮಾತು ಕೇಳಿದ್ರೇ ಹೊಟ್ಟೆ ಕಿವುಚುತ್ತೆ.

ಇನ್ನೊಂದು ಪ್ರಶ್ನೆ ಡಾಕ್ಟ್ರಿಗೆ. ತಾಲೂಕು ಆಸ್ಪತ್ರೆಲಿ ಈಗ ಹೃದಯ ಜ್ಯೋತಿ ಯೋಜನೆಯಲ್ಲಿ ಇಸಿಜಿ ನೋಡಿ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಫ್ರೀಯಾಗಿ ಕೊಡ್ತಾರಲ್ಲ, ಗೋಡೆ ಸೀಳಿದವರಿಗೆ ರಕ್ತ ಕರಗಿಸೋ ಆ ಇಂಜೆಕ್ಷನ್ ಕೊಟ್ರೆ ಕೆಟ್ಟದಲ್ವಾ?

ಉತ್ತರ 4: ಎದೆಬಡಿತ

ಹಾಸನದ ಅಣ್ಣ, ನಿಮ್ಮ ಫ್ರೆಂಡ್ ವಿಷಯದಲ್ಲಿ ಆ ಡಾಕ್ಟ್ರು ಮಾಡಿದ್ದು ಸರಿ, ನಾನಾಗಿದ್ರೂ ಅದನ್ನೇ ಮಾಡ್ತಿದ್ದೆ. ನೋವು ನಿಲ್ತಿಲ್ಲ, ಬಿಪಿ ಬೀಳ್ತಿದೆ, ಹೃದಯದ ಲಯ ಕೆಡ್ತಿದೆ, ನಾಳದಲ್ಲಿ ರಕ್ತ ಹರಿಯೋದೇ ನಿಂತಿದೆ, ಇಲ್ಲಾ ಎಡಗಡೆಯ ಬುಡದ ನಾಳ ಲೆಫ್ಟ್ ಮೇನೇ ಸೀಳಿದೆ ಅಂದ್ರೆ ಆಗ ಕಾಯೋ ಹಾಗಿಲ್ಲ, ಸ್ಟೆಂಟೋ ಬೈಪಾಸೋ ಮಾಡ್ಲೇಬೇಕು, ರಿಸ್ಕ್ ಇದ್ರೂ ಮಾಡ್ಬೇಕು. ತಂಗಿ ಬರೆದಿರೋದು ಅದಕ್ಕೆ ಪೂರ್ತಿ ಉಲ್ಟಾ ಪರಿಸ್ಥಿತಿ. ಕಾಯಿಲೆ ಹೆಸರು ಒಂದೇ, ಇಬ್ಬರು ರೋಗಿಗಳ ಸ್ಥಿತಿ ಬೇರೆ ಬೇರೆ. ಗಂಡಸರಲ್ಲಿ ಭಾರ ಎತ್ತುವಾಗ ಆಗೋದು ಹೆಚ್ಚು, ಅದೂ ನಿಮ್ಮ ಫ್ರೆಂಡ್‌ಗೆ ಹೊಂದುತ್ತೆ, ಆದ್ರೆ ಒಟ್ಟು ರೋಗಿಗಳಲ್ಲಿ 100ಕ್ಕೆ ಸುಮಾರು 90 ಜನ ಹೆಂಗಸರೇ.

ಇಂಜೆಕ್ಷನ್ ಬಗ್ಗೆ ಒಳ್ಳೇ ಪ್ರಶ್ನೆ ಕೇಳಿದ್ರಿ, ಇದನ್ನ ಎಲ್ರೂ ಗಮನ ಇಟ್ಟು ಓದಿ. ಸ್ಕ್ಯಾಡ್ ಅಂತ ಗೊತ್ತಾದ ಮೇಲೆ ರಕ್ತದ ಗಡ್ಡೆ ಕರಗಿಸೋ ಇಂಜೆಕ್ಷನ್ ಕೊಡಲ್ಲ, ಗೋಡೆಯೊಳಗಿನ ರಕ್ತಸ್ರಾವ ಜಾಸ್ತಿ ಆಗಿ ಸೀಳು ಮುಂದುವರೀಬಹುದು. ರಕ್ತ ಹೆಪ್ಪುಗಟ್ಟದ ಹಾಗೆ ತಡೆಯೋ ಹೆಪಾರಿನ್ ಕೂಡ ಡಯಾಗ್ನೋಸಿಸ್ ಖಚಿತ ಆದ್ಮೇಲೆ ಸಾಮಾನ್ಯವಾಗಿ ನಿಲ್ಲಿಸ್ತೀವಿ. ಆದ್ರೆ ತಾಲೂಕು ಆಸ್ಪತ್ರೆಲಿ ಇಸಿಜಿ ಒಂದನ್ನೇ ನೋಡಿ ಇದು ಸೀಳಿದ್ದು, ಇದು ಕೊಬ್ಬಿನ ಬ್ಲಾಕ್ ಅಂತ ಯಾರಿಂದಲೂ ಹೇಳೋಕಾಗಲ್ಲ, ಆಂಜಿಯೋ ಬೇಕೇ ಬೇಕು. ಎಲ್ಲಾ ಹಾರ್ಟ್ ಅಟ್ಯಾಕ್ ಲೆಕ್ಕ ಹಾಕಿದ್ರೆ ಸ್ಕ್ಯಾಡ್ ಹೆಚ್ಚಂದ್ರೆ 100ಕ್ಕೆ 4. ಉಳಿದ ಬಹುಪಾಲು ಜನಕ್ಕೆ ಆ ಇಂಜೆಕ್ಷನ್ ಜೀವ ಉಳಿಸುತ್ತೆ, ಆದ್ದರಿಂದ ಈ ಥ್ರೆಡ್ ಓದಿ ಯಾರೂ ತಾಲೂಕು ಆಸ್ಪತ್ರೆಲಿ ಇಂಜೆಕ್ಷನ್ ಬೇಡ ಅಂತ ಹಠ ಮಾಡ್ಬೇಡಿ. ಈಗಾಗ್ಲೇ ಒಮ್ಮೆ ಸ್ಕ್ಯಾಡ್ ಆಗಿದ್ರೆ ಮಾತ್ರ ಅದನ್ನ ಮೊದಲೇ ಬಾಯಿಬಿಟ್ಟು ಹೇಳ್ಬೇಕು, ಕಾಗದ ತೋರಿಸ್ಬೇಕು. ಆದ್ರೆ 50 ವರ್ಷದೊಳಗಿನ ಹೆಂಗಸರ ಹಾರ್ಟ್ ಅಟ್ಯಾಕ್ ಮಾತ್ರ ತಗೊಂಡ್ರೆ ಈ ಲೆಕ್ಕ 100ಕ್ಕೆ 35ರ ತನಕ ಏರುತ್ತೆ, ಅದಕ್ಕೇ ಅವರ ಆಂಜಿಯೋ ನೋಡುವಾಗ ನಾವು ಕಣ್ಣು ಚೂಪು ಮಾಡ್ಕೋಬೇಕು. ಈ ರೋಗ 1931ರಲ್ಲೇ 42 ವರ್ಷದ ಒಬ್ಬ ಹೆಂಗಸಿನ ಪೋಸ್ಟ್‌ಮಾರ್ಟಂನಲ್ಲಿ ಕಂಡಿತ್ತು, ಆದ್ರೂ ತೀರಾ ಅಪರೂಪ ಅಂತ ಎಷ್ಟೋ ದಶಕ ಪಕ್ಕಕ್ಕಿಟ್ರು, ನಾನು ಓದುವಾಗ ಪುಸ್ತಕದಲ್ಲಿ ಒಂದು ಪ್ಯಾರಾ ಇತ್ತು ಅಷ್ಟೇ.

ಉತ್ತರ 5: ಪುತ್ತೂರಿನ ಅಮ್ಮ

ತಂಗಿ, ನಾನೇ ಈ ಕಾಯಿಲೆ ಆದವಳು. ನಿಮ್ಮ ಬರಹ ನೋಡಿ ಉತ್ತರ ಬರೆಯದೆ ಇರ್ಲಿಕ್ಕೆ ಆಗ್ಲಿಲ್ಲ.

ನನಗೆ ಆಗ 34, ಎರಡನೇ ಹೆರಿಗೆ ಆಗಿ ಏಳನೇ ವಾರ. ಮಗುವಿಗೆ ಹಾಲು ಕೊಟ್ಟು ತೊಟ್ಟಿಲಲ್ಲಿ ಮಲಗಿಸಿ ಬಗ್ಗಿದವಳಿಗೆ ಎರಡೂ ಭುಜದ ಮಧ್ಯ ಯಾರೋ ಬಟ್ಟೆ ಹಿಂಡಿದ ಹಾಗೆ ನೋವು. ಕ್ಲಿನಿಕ್ಕಿಗೆ ಹೋದ್ರೆ ಬಾಣಂತಿಗೆ ವಾಯು ಅಂದ್ರು, ಮಾತ್ರೆ ಕೊಟ್ರು. ರಾತ್ರಿ ಮತ್ತೆ ಹೋದ್ರೆ ನಿದ್ದೆ ಇಲ್ಲದ್ದಕ್ಕೆ ಮನಸ್ಸಿಗೆ ಹೆದರಿಕೆ ಆದದ್ದು ಅಂತ ಹೇಳಿ ಕಳಿಸಿದ್ರು. ಇಸಿಜಿ ಒಂದು ತೆಗೆದಿದ್ರೆ ಸಾಕಿತ್ತು. ಮರುದಿನ ಮಧ್ಯಾಹ್ನ ಬಚ್ಚಲಲ್ಲಿ ಬಿದ್ದ ಮೇಲೆ ಗಂಡ ಮಂಗಳೂರಿಗೆ ಕರ್ಕೊಂಡು ಹೋದದ್ದು. ಬಾಣಂತಿಗೆ ಹಾರ್ಟ್ ಅಟ್ಯಾಕ್ ಆಗ್ತದೆ ಅಂತ ಯಾರ ತಲೆಗೂ ಬರ್ಲಿಲ್ಲ, ಆದ್ರೆ ಗರ್ಭಿಣಿ ಬಾಣಂತಿಯರಿಗೆ ಹಾರ್ಟ್ ಅಟ್ಯಾಕ್ ಆದ್ರೆ ಅದಕ್ಕೆ ಎಲ್ಲಕ್ಕಿಂತ ದೊಡ್ಡ ಕಾರಣ ಇದೇ ಅಂತ ಆಮೇಲೆ ಗೊತ್ತಾಯ್ತು. ಇದನ್ನು ಓದುವ ಯಾರಾದ್ರೂ ಡಾಕ್ಟ್ರು, ನರ್ಸ್ ಇದ್ರೆ ದಯಮಾಡಿ ಬಾಣಂತಿ ಎದೆನೋವು ಅಂದ್ರೆ ಮೊದಲು ಇಸಿಜಿ ತೆಗೀರಿ.

ನನ್ನದು ಲೆಫ್ಟ್ ಮೇನ್ ಸೀಳಿತ್ತು, ಕಾಯುವ ಹಾಗೆ ಇರ್ಲಿಲ್ಲ, ಬೈಪಾಸ್ ಮಾಡಿದ್ರು. ಒಂದು ವರ್ಷದ ನಂತರ ಸಿಟಿ ಮಾಡಿಸಿದಾಗ ನನ್ನ ಸ್ವಂತ ನಾಳ ಪೂರ್ತಿ ವಾಸಿಯಾಗಿ, ಬೈಪಾಸ್‌ನಲ್ಲಿ ಜೋಡಿಸಿದ ಹೊಸ ನಾಳ, ಗ್ರಾಫ್ಟ್ ಅಂತಾರೆ, ಅದು ಒಂದು ಮುಚ್ಚಿಹೋಗಿತ್ತು. ನನಗೆ ಜೀವವೇ ಹೋದ ಹಾಗಾಯ್ತು, ಆದ್ರೆ ಡಾಕ್ಟ್ರು ಇದು ಒಳ್ಳೆಯದೇ, ಹಳೇ ದಾರಿ ಸರಿಯಾದ ಮೇಲೆ ಹೊಸ ದಾರೀಲಿ ರಕ್ತ ಹೋಗುವುದಿಲ್ಲ ಅಂದ್ರು. ಆಗ ಸಮಾಧಾನ ಆಯ್ತು.

ಆಸ್ಪತ್ರೆಯಿಂದ ಮನೆಗೆ ಬರುವ ಮುಂಚೆ ಕೆಲವು ಕೇಳ್ಕೊಳ್ಳಿ, ನನಗೆ ಯಾರೂ ಹೇಳ್ಲಿಲ್ಲ. ತಲೆಯಿಂದ ಸೊಂಟದವರೆಗೆ ಬೇರೆ ನಾಳಗಳನ್ನೂ ಸಿಟಿ ಆಂಜಿಯೋ ಮಾಡಿ ನೋಡ್ಬೇಕು, ಯಾಕಂದ್ರೆ ಈ ಕಾಯಿಲೆಯವರಲ್ಲಿ ತುಂಬ ಜನಕ್ಕೆ ಫೈಬ್ರೋಮಸ್ಕ್ಯುಲರ್ ಡಿಸ್‌ಪ್ಲೇಸಿಯಾ ಅಂತ ಇನ್ನೊಂದು ನಾಳದ ತೊಂದ್ರೆ ಜೊತೆಗೇ ಇರ್ತದೆ. ನನ್ನ ಮೂತ್ರಪಿಂಡದ ನಾಳ ಸಿಟಿಯಲ್ಲಿ ಮಣಿ ಪೋಣಿಸಿದ ಸರದ ಹಾಗೆ ಕಂಡಿತು. ಗರ್ಭ ತಡೆಯಲಿಕ್ಕೆ ಹಾರ್ಮೋನ್ ಮಾತ್ರೆ ಬೇಡ ಅಂದ್ರು, ಇನ್ನೊಂದು ಮಗು ಬೇಡ ಅಂತಲೂ ಹೇಳಿದ್ರು, ಆ ಮಾತು ನುಂಗ್ಲಿಕ್ಕೆ ನನಗೆ ಒಂದು ವರ್ಷ ಬೇಕಾಯ್ತು. ಮತ್ತೆ ಎದೆಯಲ್ಲಿ ಚುಳುಕು ಬಂದಾಗೆಲ್ಲ ಪ್ರಾಣ ಬಾಯಿಗೆ ಬರ್ತದೆ, ಅದು ಎಷ್ಟೋ ತಿಂಗಳು ಇರ್ತದೆ, ಹುಚ್ಚು ಅಂತ ಅನ್ಕೊಳ್ಬೇಡಿ. ಹೃದಯದ ರೋಗಿಗಳಿಗೆ ವ್ಯಾಯಾಮ ಮಾಡಿಸುವ ಕಾರ್ಡಿಯಾಕ್ ರಿಹ್ಯಾಬ್‌ಗೆ ಸೇರಿದ ಮೇಲೆ, ಟ್ರೆಡ್‌ಮಿಲ್ ಮೇಲೆ ಒಬ್ಬರು ಪಕ್ಕ ನಿಂತು ಬಿಪಿ ನೋಡ್ತಾ ನಡೆಸಿದ ಮೇಲೆ ನನಗೆ ನನ್ನ ಹೃದಯದ ಮೇಲೆ ನಂಬಿಕೆ ಬಂದದ್ದು.

ಒಂದು ವಿಷಯ ಓದಿ ನನಗೆ ತುಂಬ ಧೈರ್ಯ ಬಂದಿತ್ತು. ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಡಾ. ಶರಾನ್ ಹೇಯ್ಸ್ ಈ ಕಾಯಿಲೆ ಬಗ್ಗೆ ಸಂಶೋಧನೆ ಶುರು ಮಾಡಿದ್ದೇ ರೋಗಿಗಳು ಕೇಳಿದ್ದಕ್ಕೆ. ಆನ್‌ಲೈನ್‌ನಲ್ಲಿ ಒಬ್ಬರಿಗೊಬ್ಬರು ಸಿಕ್ಕಿದ ಹೆಂಗಸರು ನಾವು ಇಷ್ಟು ಜನ ಇದ್ದೇವೆ, ನಮ್ಮನ್ನು ನೋಡಿ ಅಂತ ಹೇಳಿದ್ರು, 2011ರಲ್ಲಿ 12 ಜನರ ಮೇಲೆ ಮೊದಲ ಅಧ್ಯಯನ ಬಂತು.

ಉತ್ತರ 6: ದಾವಣಗೆರೆ ತಂಗಿ

ಎಲ್ರಿಗೂ ಹೇಗೆ ಥ್ಯಾಂಕ್ಸ್ ಹೇಳ್ಬೇಕೋ ಗೊತ್ತಾಗ್ತಿಲ್ಲ. ಅವತ್ತು ಎದೆಬಡಿತ ಸರ್ ಬರೆದಿದ್ದನ್ನ ಸಿಸಿಯು ಮುಂದಿನ ಬೆಂಚಲ್ಲೇ ಭಾವನಿಗೆ ಎರಡು ಸಲ ಓದಿದೆ. ಸಿಡಿ ಓಡಾಡ್ಲಿ, ಅಕ್ಕ ಮಲಗಿರ್ಲಿ ಅನ್ನೋದು ಕೇಳಿ ಸುಮ್ನಾದ್ರು. ಸಿಡಿನ ಬೆಂಗಳೂರಲ್ಲಿ ಗೊತ್ತಿರೋ ಡಾಕ್ಟ್ರೊಬ್ರಿಗೆ ಕಳ್ಸಿದ್ವಿ, ಅವರೂ ಇದೇ ಹೇಳಿದ್ರು.

ಮೂರನೇ ದಿನ ರಾತ್ರಿ ಎರಡು ಗಂಟೆಗೆ ಅಕ್ಕನಿಗೆ ಮತ್ತೆ ಎದೆ ಹಿಡಿದಂಗಾಯ್ತು. ಸಿಸ್ಟರ್ ಹೇಳಿದ್ದನ್ನ ನಾನು ಅವಳಿಗೆ ಹೇಳಿದ್ದೆ, ತಕ್ಷಣ ಬೆಲ್ ಒತ್ತಿದಾಳೆ. ಇಸಿಜಿ, ಟ್ರೋಪೋನಿನ್, ಹೃದಯದ ಸ್ಕ್ಯಾನ್ ಎಕೋ ಎಲ್ಲಾ ಮತ್ತೆ ಮಾಡಿದ್ರು, ಹೊಸದಾಗಿ ಏನೂ ಆಗಿರ್ಲಿಲ್ಲ, ಇಪ್ಪತ್ತು ನಿಮಿಷದಲ್ಲಿ ಕಮ್ಮಿ ಆಯ್ತು. ಆ ಇಪ್ಪತ್ತು ನಿಮಿಷ ನಾನು ಗಾಜಿನ ಆಚೆ ನಿಂತು ಮಾನಿಟರ್‌ನ ಹಸಿರು ಗೆರೆ ನೋಡ್ತಿದ್ದೆ, ಇನ್ನೇನೂ ನೆನಪಿಲ್ಲ. ಆಮೇಲೆ ಎರಡು ದಿನ ಜಾಸ್ತಿ ಇಟ್ಕೊಂಡು ಏಳನೇ ದಿನ ಮನೆಗೆ ಕಳ್ಸಿದ್ರು.

ಮೆಟೊಪ್ರೊಲಾಲ್ ಮತ್ತೆ ಆಸ್ಪಿರಿನ್ ಕೊಟ್ಟಿದಾರೆ. ಕೊಲೆಸ್ಟ್ರಾಲ್ ಮಾತ್ರೆ ಯಾಕಿಲ್ಲ ಅಂತ ಮೆಡಿಕಲ್ ಸ್ಟೋರ್‌ನವರು ಕೇಳಿದ್ರು, ಹಾರ್ಟ್ ಅಟ್ಯಾಕ್ ಆದೋರಿಗೆಲ್ಲ ಕೊಡ್ತಾರಲ್ಲ ಅಂತ. ಅದು ಬಿಟ್ಟು ಹೋಗಿದೆಯಾ ಸರ್? ಅಕ್ಕ ಶಾಲೆಗೆ ಯಾವಾಗ ಹೋಗ್ಲಿ ಅಂತ ಈಗ್ಲೇ ಕೇಳ್ತಿದಾಳೆ.

ಉತ್ತರ 7: ಎದೆಬಡಿತ

ತುಂಬಾ ಸಂತೋಷ ಆಯ್ತು ಮೇಡಂ, ಬೆಲ್ ಒತ್ತಿದ್ದು ಬಹಳ ಒಳ್ಳೇದಾಯ್ತು.

ಬಿಟ್ಟು ಹೋಗಿಲ್ಲ, ಆ ಕೊಲೆಸ್ಟ್ರಾಲ್ ಮಾತ್ರೆ ಸ್ಟ್ಯಾಟಿನ್ ಕೊಡೋದು ಕೊಬ್ಬಿನ ಬ್ಲಾಕ್‌ಗೆ, ನಿಮ್ಮಕ್ಕನಿಗೆ ಕೊಲೆಸ್ಟ್ರಾಲ್ ನಾರ್ಮಲ್ ಇದ್ದು ಬೇರೆ ಕಾರಣ ಇಲ್ಲದಿದ್ರೆ ಅದರ ಅವಶ್ಯಕತೆ ಇಲ್ಲ. ಮುಖ್ಯವಾದ ಮಾತ್ರೆ ಮೆಟೊಪ್ರೊಲಾಲ್, ಬಿಪಿನೂ ಹೃದಯದ ಬಡಿತನೂ ತಗ್ಗಿಸೋ ಬೀಟಾ ಬ್ಲಾಕರ್ ಜಾತಿದು. ಕೆನಡಾದ ವ್ಯಾಂಕೂವರ್‌ನಲ್ಲಿ ಡಾ. ಜಾಕ್ವೆಲಿನ್ ಸಾ ಅವರ ತಂಡ 327 ರೋಗಿಗಳನ್ನ ಹಿಂಬಾಲಿಸಿ 2017ರಲ್ಲಿ ಬರೆದಿದ್ದು, ಸುಮಾರು 3 ವರ್ಷದಲ್ಲಿ 100ಕ್ಕೆ 10 ಜನಕ್ಕೆ ಮತ್ತೆ ಸೀಳಿತ್ತು, ಈ ಜಾತಿ ಮಾತ್ರೆ ತಗೊಳ್ತಿದ್ದೋರಲ್ಲಿ ಆ ಸಾಧ್ಯತೆ ಮೂರನೇ ಒಂದರಷ್ಟೇ ಇತ್ತು, ಬಿಪಿ ಜಾಸ್ತಿ ಇದ್ದೋರಲ್ಲಿ ಎರಡು ಪಟ್ಟಿಗಿಂತ ಹೆಚ್ಚು. ಹಾಗಾಗಿ ಸುಸ್ತು ಅನ್ಸುತ್ತೆ ಅಂತ ಆ ಮಾತ್ರೆನ ತಾವಾಗೇ ನಿಲ್ಲಿಸಬಾರ್ದು, ಬಿಪಿ ವಾರಕ್ಕೆರಡು ಸಲ ಬರೆದಿಡ್ಲಿ. ಅದೇ ಅಧ್ಯಯನದಲ್ಲಿ ಹತ್ತಿರ ಅರ್ಧದಷ್ಟು ಜನ ಅಟ್ಯಾಕ್‌ಗೆ ಮುಂಚೆ ಮನಸ್ಸಿಗೆ ದೊಡ್ಡ ಪೆಟ್ಟು ತಿಂದಿದ್ರು. ನಿಮ್ಮಕ್ಕ ಅಪ್ಪನಿಗೋಸ್ಕರ ಇನ್ನೂ ಸರಿಯಾಗಿ ಅತ್ತಿಲ್ಲ ಅಂದ್ರಲ್ಲ, ಈಗ ಮನೇಲಿ ಅಳೋಕೆ ಬಿಡಿ, ಬೇಕಾದ್ರೆ ಕೌನ್ಸೆಲರ್ ಹತ್ರ ಮಾತಾಡ್ಸಿ.

ಶಾಲೆ ವಿಷಯ ಮೊದಲ ಚೆಕಪ್‌ನಲ್ಲಿ ಎಕೋ ನೋಡಿ ಅವರ ಡಾಕ್ಟ್ರೇ ಹೇಳ್ತಾರೆ. ನಡಿಗೆ ಈಗಿಂದ್ಲೇ ನಿಧಾನಕ್ಕೆ ಇರ್ಲಿ. ಉಸಿರು ಬಿಗಿ ಹಿಡಿದು ಎತ್ತೋ ಭಾರ ಬೇಡ, ತುಂಬಿದ ಕೊಡ, ಗ್ಯಾಸ್ ಸಿಲಿಂಡರ್, ಅಕ್ಕಿ ಮೂಟೆ ಇವೆಲ್ಲ ಬೇರೆಯವರು ಎತ್ಲಿ.

ಉತ್ತರ 8: ದಾವಣಗೆರೆ ತಂಗಿ

ಆಯ್ತು ಸರ್. ಕೊಡ ಭಾವನೇ ಎತ್ತಿಡ್ತಿದಾರೆ ಈಗ. ಸಿಟಿ ಆಂಜಿಯೋಗೆ ಮುಂದಿನ ತಿಂಗಳು ಡೇಟ್ ಕೊಟ್ಟಿದಾರೆ, ಪುತ್ತೂರಿನ ಅಮ್ಮ ಹೇಳಿದ್ದಕ್ಕೇ ನಾನು ಬಾಯಿಬಿಟ್ಟು ಕೇಳಿದ್ದು. ಡಿಸ್ಚಾರ್ಜ್ ಸಮ್ಮರಿಲಿ ಮೊದಲು ಬರೀ ಹಾರ್ಟ್ ಅಟ್ಯಾಕ್ ಅಂತ ಇತ್ತು, ವಾಪಸ್ ಹೋಗಿ ಸ್ಕ್ಯಾಡ್ ಅಂತ ಬರೆಸ್ಕೊಂಡು ಬಂದೆ. ಒಂದು ಜೆರಾಕ್ಸ್ ಅಕ್ಕನ ವ್ಯಾನಿಟಿ ಬ್ಯಾಗಲ್ಲಿ ಇಟ್ಟಿದೀನಿ, ಇನ್ನೊಂದು ಮಡಚಿ ನನ್ನ ಮೊಬೈಲ್ ಕವರ್ ಹಿಂದೆ.